ತೊಲೆಯಿಂದ ಉದುರಿದ ಹಿಕ್ಕೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸಾದಲಿಯ ವೆಂಕಟರವಣಪ್ಪನವರ ರೇಷ್ಮೆ ಹುಳದ ಮನೆಯ ಹೊಸ್ತಿಲಿನ ಈಚೆ ನಾನು ನಿಂತಿದ್ದೆ. ಗಂಟೆ ಯಾಕೆ ನೆನಪಿದೆಯೆಂದರೆ, ಆಗಷ್ಟೇ ಆಫೀಸಿನಿಂದ ಫೋನ್ ಬಂದಿತ್ತು. ಮಾತು ಮುಗಿಸಿ ಮೊಬೈಲನ್ನು ಜೇಬಿಗೆ ಹಾಕುವಾಗ ಅದರ ಮೇಲಿನ ಅಂಕಿ ಕಣ್ಣಿಗೆ ಬಿದ್ದಿತ್ತು. ಅದಾದ ಸ್ವಲ್ಪ ಹೊತ್ತಿಗೆ ಆ ಮನೆಯ ತೊಲೆ ಮುರಿದು ಬಿತ್ತು. ಇವತ್ತಿಗೂ ಆ ಅಂಕಿಯನ್ನು ಎಲ್ಲಿ ಕಂಡರೂ ಮೊದಲು ಸೂರಿನ ಕಡೆ ನೋಡುತ್ತೇನೆ.

ಕೀಟ ನಿಯಂತ್ರಣದ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರದ ಒಂದು ಖಾಸಗಿ ಸಂಸ್ಥೆಯಲ್ಲಿ ನಾನು ಸೇವೆ ಮುಗಿಸಿದೆ. ಯಾವಾಗ ಏನಾದೆ, ಯಾವ ಕುರ್ಚಿ ಸಿಕ್ಕಿತು ಎನ್ನುವುದರಿಂದ ನಿಮಗೆ ಉಪಯೋಗವಿಲ್ಲ. ನನ್ನ ಕೆಲಸ ಗೆದ್ದಲು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಜನ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಗೆದ್ದಲು ಸಾರ್ ಬಂದ್ರು" ಎನ್ನುತ್ತಿದ್ದರು. ಕೆಲವರು ಅದನ್ನು ಹೇಳುವಾಗ ಬೀರುವಿನ ಬೀಗ ಹಾಕುತ್ತಿದ್ದರು. ಮನೆಮನೆಗೆ ನುಗ್ಗಿ ಗೋಡೆ ತಟ್ಟುವವನನ್ನು ಯಾರು ನಂಬುತ್ತಾರೆ?

ನಾನು ಸೇರಿದ ಹೊಸದರಲ್ಲಿ ಬರಿಗೈಯಲ್ಲಿ ಪುಡಿ ಕಲಸಿ ತಳಪಾಯಕ್ಕೆ ಸುರಿಯುತ್ತಿದ್ದೆವು. ಆ ಪುಡಿಗಳು ಒಂದೊಂದಾಗಿ ನಿಷೇಧವಾದವು. ಆಮೇಲೆ ಗೋಡೆಯ ಬುಡಕ್ಕೆ ತೂತು ಕೊರೆದು ದ್ರಾವಣ ತುಂಬುವ ಪದ್ಧತಿ ಬಂತು. ಈಗ ನಿಮ್ಮ ಕೈಯಲ್ಲಿ ತೇವ ಅಳೆಯುವ ಮೀಟರ್ ಇದೆ. ಮೀಟರ್ ಒಳ್ಳೆಯದೇ. ಆದರೆ ಅದಕ್ಕೆ ಗೊತ್ತಾಗದ ಗೆದ್ದಲೂ ಒಂದಿದೆ.

ಅದನ್ನು ನನಗೆ ಮೊದಲು ಹೇಳಿದವರು ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು. ಗೆದ್ದಲನ್ನು ಬಿಳಿ ಇರುವೆ ಎಂದವನನ್ನು ಅವರು ನಿಲ್ಲಿಸಿಯೇ ಪಾಠ ಮಾಡುತ್ತಿದ್ದರು. "ಇರುವೆಗೂ ಇದಕ್ಕೂ ಸಂಬಂಧವೇ ಇಲ್ಲ ಕಣಯ್ಯ. ಇರುವೆ ಕಣಜದ ಕಡೆಯದು. ಗೆದ್ದಲು ಜಿರಲೆಯ ಸ್ವಂತ ಮನೆತನ" ಎನ್ನುತ್ತಿದ್ದರು. ಡೈನೋಸಾರುಗಳು ಓಡಾಡುತ್ತಿದ್ದ ಕಾಲದಲ್ಲಿ ಒಂದು ಜಾತಿಯ ಜಿರಲೆ ಕೊಳೆತ ಮರದೊಳಗೆ ಸೇರಿಕೊಂಡಿತು. ಮರ ತಿಂದರೆ ಸಾಲದು, ಜೀರ್ಣವಾಗಬೇಕಲ್ಲ. ಅದಕ್ಕೆ ಹೊಟ್ಟೆಯೊಳಗೆ ಸೂಕ್ಷ್ಮಜೀವಿಗಳು ಬೇಕು. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಅವು ಇರುವುದಿಲ್ಲ. ಹಿರಿಯರ ಹಿಂಭಾಗದಿಂದ ಬರುವ ದ್ರವವನ್ನು ಉಂಡೇ ಮರಿ ಅವನ್ನು ಪಡೆಯಬೇಕು. ಪೊರೆ ಬಿಟ್ಟಾಗಲೆಲ್ಲ ಅವು ಕಳೆದುಹೋಗುತ್ತವೆ, ಮತ್ತೆ ಬೇಡಬೇಕು. ಹಾಗಾಗಿ ಬಿಟ್ಟು ಬಾಳುವ ಹಾಗಿಲ್ಲ. ಒಟ್ಟಿಗೆ ಇದ್ದು ಇದ್ದು ಕುಟುಂಬವಾಯಿತು, ಕುಟುಂಬದಲ್ಲಿ ರಾಜ, ರಾಣಿ, ಆಳು, ಕಾವಲು ಎಂಬ ಪಾಲು ಬಂತು. ಕ್ಲಾಸಿನಲ್ಲಿ ನಾವೆಲ್ಲ ಮುಖ ಸಿಂಡರಿಸಿಕೊಂಡೆವು. ಮೇಷ್ಟ್ರು, "ನಿಮ್ಮ ಒಟ್ಟು ಕುಟುಂಬಗಳೇನು ಇದಕ್ಕಿಂತ ಚೊಕ್ಕಟವಾಗಿ ಶುರುವಾದವಾ?" ಎಂದಿದ್ದರು.

ಮುಂದಿನದು ಕೆಲಸಕ್ಕೆ ಬೇಕಾದ ಮಾತು. ಆ ಮನೆತನ ಕವಲೊಡೆಯಿತು. ಒಂದು ಕವಲು ಮರ ಬಿಟ್ಟು ಮಣ್ಣಿಗೆ ಇಳಿಯಿತು. ಅದರಲ್ಲೇ ಕೆಲವು ಆಫ್ರಿಕದ ಕಡೆ ಅಣಬೆ ಬೆಳೆಯುವುದನ್ನು ಕಲಿತು ನಮ್ಮ ಕಡೆಗೂ ಹಬ್ಬಿದವು. ನಮ್ಮ ಹೊಲದ ಬದುಗಳಲ್ಲಿ ಹುತ್ತ ಕಟ್ಟುವುದು ಇವೇ. ಇವಕ್ಕೆ ನೆಲದ ತೇವ ಬೇಕು. ಹೊರಗೆ ಬಂದರೆ ಒಣಗಿ ಸಾಯುತ್ತವೆ, ಅದಕ್ಕೇ ಗೋಡೆಯ ಮೇಲೆ ಗೆರೆ ಎಳೆದಂತೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತವೆ. ಇನ್ನೊಂದು ಕವಲು ಮರ ಬಿಡಲೇ ಇಲ್ಲ. ಒಣ ಮರದ ಒಳಗೇ ಹುಟ್ಟಿ, ಅಲ್ಲೇ ತಿಂದು, ಅಲ್ಲೇ ಸಾಯುತ್ತದೆ. ನೆಲಕ್ಕೆ ಇಳಿಯುವುದಿಲ್ಲ, ಮಣ್ಣು ಮುಟ್ಟುವುದಿಲ್ಲ, ಗೆರೆ ಎಳೆಯುವುದಿಲ್ಲ. ಹೀಗೆ ಮನೆ ಬಿಡದ ಪ್ರಾಣಿ ಸಮುದ್ರ ದಾಟಿದ್ದು ಹೇಗೆಂದರೆ, ಮನೆಯೇ ತೇಲಿತು. ಹೊಳೆಯಿಂದ ಕೊಚ್ಚಿಹೋದ ದಿಮ್ಮಿಯೊಳಗೆ ಕೂತು ಖಂಡದಿಂದ ಖಂಡಕ್ಕೆ ಹೋದವು. ಆಮೇಲೆ ನಾವು ಹಡಗು ಕಟ್ಟಿದೆವು, ಲಾರಿ ಓಡಿಸಿದೆವು. ಅವಕ್ಕೆ ಇನ್ನೂ ಸಲೀಸಾಯಿತು.

ನಮ್ಮ ಮ್ಯಾನೇಜರಿಗೆ ಈ ಎರಡನೆಯ ಕವಲಿನ ಮೇಲೆ ನಂಬಿಕೆಯಿರಲಿಲ್ಲ. "ಅದು ಸಮುದ್ರದ ಕಡೆ ಊರುಗಳ ಕಾಯಿಲೆ ರೀ. ನಮ್ಮ ಒಣ ಸೀಮೇಲಿ ಎಲ್ಲಿಂದ ಬರತ್ತೆ? ಮಣ್ಣಿನ ಗೆರೆ ಇದ್ರೆ ಗೆದ್ದಲು, ಗೆರೆ ಇಲ್ಲ ಅಂದ್ರೆ ಮುಂದಿನ ಮನೆ" ಎನ್ನುತ್ತಿದ್ದರು. ಆ ಸೂತ್ರದ ಮೇಲೆಯೇ ನಾವೆಲ್ಲ ವರ್ಷಗಟ್ಟಲೆ ಸಂಬಳ ತಿಂದೆವು. ಅದು ಪೂರ್ತಿ ಸುಳ್ಳೂ ಅಲ್ಲ.

ಸಾದಲಿಗೆ ನಾನು ಹೋದದ್ದು ತೊಲೆ ನೋಡಲು ಅಲ್ಲ. ಹೊಸದಾಗಿ ನೆಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಮಣ್ಣಿನ ಗೆದ್ದಲು ತಿನ್ನುತ್ತಿದೆಯೆಂದು ವೆಂಕಟರವಣಪ್ಪ ಕರೆಸಿದ್ದರು. ತೋಟ ನೋಡಿ ವಾಪಸ್ ಬಂದಾಗ ಅವರ ಹೆಂಡತಿ ಅಶ್ವತ್ಥಮ್ಮ ಹುಳದ ಮನೆ ಗುಡಿಸುತ್ತಿದ್ದರು. ರೇಷ್ಮೆ ಸಾಕುವವರ ಕಟ್ಟುನಿಟ್ಟು ನಿಮಗೆ ಗೊತ್ತಿರಬೇಕು. ಹುಳದ ಮನೆಯ ಹತ್ತಿರ ಬೀಡಿ ಹಚ್ಚುವ ಹಾಗಿಲ್ಲ, ಸೊಳ್ಳೆ ಬತ್ತಿ ಇಡುವ ಹಾಗಿಲ್ಲ. ಇನ್ನು ಕೀಟನಾಶಕ ಮುಟ್ಟಿದ ಕೈಯವನು ಒಳಗೆ ಬಂದರೆ ಮುಗಿಯಿತು.

"ಅಲ್ಲೇ ನಿಂತ್ಕೊಳಿ ಸಾರ್, ಬೇಜಾರ್ ಮಾಡ್ಕೋಬೇಡಿ" ಎಂದು ಅಶ್ವತ್ಥಮ್ಮ ಪೊರಕೆ ಅಡ್ಡ ಹಿಡಿದರು. "ನಾಳಿದ್ದು ಚಾಕಿ ಹುಳ ತರಬೇಕು, ಎಳೇ ಮರಿಗಳು."

"ಇಲ್ಲಮ್ಮ, ನಾನು ಒಳಗೆ ಬರಲ್ಲ."

"ನೀವು ಓದಿರೋರು, ಇದೊಂದು ಹೇಳಿ." ಅಂಗೈಯಲ್ಲಿ ಒಂದಿಷ್ಟು ಕಸ ತಂದು ತೋರಿಸಿದರು. "ಇದು ಹಿಕ್ಕೆ ಅಲ್ವಾ?"

ಎಳೆ ಹುಳುವಿನ ಹಿಕ್ಕೆಯ ಹಾಗೇ ಇತ್ತು. ಗಸಗಸೆಗಿಂತ ತುಸು ದಪ್ಪ, ಕಂದು ಬಣ್ಣ. "ಹಿಕ್ಕೆ ತರಾನೇ ಇದೆ" ಎಂದೆ.

"ಹಂಗಾದ್ರೆ ಹುಳುವೇ ಇಲ್ದಿರೋ ಮನೇಲಿ ಹಿಕ್ಕೆ ಎಲ್ಲಿಂದ ಬಂತು? ಗೂಡು ಶಿಡ್ಲಘಟ್ಟದ ಮಾರ್ಕೆಟ್‌ಗೆ ಹೋಗಾಯ್ತು. ತೊಳೆದಾಯ್ತು, ಬ್ಲೀಚಿಂಗ್ ಹೊಡೆದಾಯ್ತು, ಬೀಗ ಹಾಕಾಯ್ತು. ದಿನಾ ಗುಡಿಸ್ತೀನಿ, ದಿನಾ ಬಿದ್ದಿರತ್ತೆ. ನಂಗೊತ್ತು. ಸಪ್ಪೆ ರೋಗ ಬಂದ ಹುಳದ ಕಸಾನ ಯಾರೋ ಕಿಟಕಿಯಿಂದ ಎರಚ್ತಾ ಅವ್ರೆ, ನಮ್ಮ ಬೆಳೆ ಕೆಡ್ಲಿ ಅಂತ." ಹೇಳುತ್ತಾ ಪಕ್ಕದ ಗೋಡೆಯ ಕಡೆ ನೋಡಿದರು. ಗೋಡೆಯಾಚೆ ಇದ್ದದ್ದು ಅವರ ಮೈದುನನ ಹೆಂಡತಿ ರತ್ನಮ್ಮನ ಮನೆ. ಪಾಲಾದ ಮೇಲೆ ಮಾತು ನಿಂತಿತ್ತು.

ಅವರು ಆ ಕಸವನ್ನು ನನ್ನ ಕೈಗೆ ಸುರಿದು, ಮತ್ತೆ ಒಳಗೆ ಹೋಗಿ ತೊಲೆಯ ಕೆಳಗೆ ಗುಡಿಸತೊಡಗಿದರು. ನಾನು ಜೇಬಿನಿಂದ ಭೂತಕನ್ನಡಿ ತೆಗೆದು ಆ ಕಾಳುಗಳನ್ನು ನೋಡಿದೆ. ರೇಷ್ಮೆ ಹುಳುವಿನ ಹಿಕ್ಕೆಗೂ ಆರು ಏಣು ಇರುತ್ತವೆ, ಆದರೆ ಅವು ಉಬ್ಬಿರುತ್ತವೆ. ನನ್ನ ಕೈಯಲ್ಲಿದ್ದದ್ದರ ಆರು ಮುಖಗಳೂ ಒಳಕ್ಕೆ ತಗ್ಗಿದ್ದವು. ಒಳಗೇ ಬದುಕುವ ಪ್ರಾಣಿ ನೀರಿನ ಕೊನೆಯ ಹನಿಯನ್ನೂ ಹಿಂಡಿಕೊಂಡು ಹೊರಗೆ ನೂಕುವ ಕಾಳು. ಕಾಲೇಜಿನಲ್ಲಿ ಗಾಜಿನ ಶೀಶೆಯಲ್ಲಿ ಕಂಡದ್ದು. ತಲೆ ಎತ್ತಿ ತೊಲೆ ನೋಡಿದೆ. ಹಳೆಯ ಮರ, ಅಲ್ಲಲ್ಲಿ ನವಿಲು ನೀಲಿ ಬಣ್ಣದ ಚೂರು ಉಳಿದಿತ್ತು. ಮಣ್ಣಿನ ಗೆರೆ ಒಂದೂ ಇಲ್ಲ. "ಅಮ್ಮ, ಸ್ವಲ್ಪ ಈಚೆ ಬನ್ನಿ" ಎನ್ನಲು ಬಾಯಿ ತೆರೆದೆ. ಗೆರೆ ಇಲ್ಲವಲ್ಲ ಎಂದು ಒಂದು ಕ್ಷಣ ತಡೆದೆ. ಆಗಲೇ ಅಂಗಳದಿಂದ ರತ್ನಮ್ಮನ ದನಿ ಕೇಳಿತು.

"ಯಾಕಕ್ಕ, ನಿಮ್ಮ ಹುಳದ ಕಸಾನ ನಮ್ಮ ಮೋರಿಗೆ ತಳ್ತೀಯ? ರೋಗ ನಮಗೆ ಅಂಟ್ಲಿ ಅಂತಾನಾ?"

"ಯಾರೇ ತಳ್ಳೋದು? ಎರಚೋಳು ನೀನು, ಕೇಳೋಳೂ ನೀನೇನಾ!" ಎಂದು ಅಶ್ವತ್ಥಮ್ಮ ಪೊರಕೆ ಹಿಡಿದೇ ಧಾವಿಸಿ ನನ್ನನ್ನು ದಾಟಿ ಅಂಗಳಕ್ಕೆ ಇಳಿದರು.

ತೊಲೆ ಮುರಿದ ಸದ್ದು ಮರದ ಸದ್ದಿನ ಹಾಗಿರಲಿಲ್ಲ. ಒಣ ಜೋಳದ ದಂಟು ಲಟಕ್ಕೆಂದ ಹಾಗಿತ್ತು. ಹಿಂದೆಯೇ ಹೆಂಚುಗಳು ಬಿದ್ದವು. ಧೂಳು ಇಳಿದಾಗ ಹುಳ ಸಾಕುವ ಕಬ್ಬಿಣದ ಸ್ಟ್ಯಾಂಡ್ ಮಡಿಚಿಕೊಂಡಿತ್ತು. ಅಶ್ವತ್ಥಮ್ಮ ನಿಂತಿದ್ದ ಜಾಗ ಎಲ್ಲಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ತೊಲೆಯ ಮುರಿದ ಬಾಯಿಯಿಂದ ಆ ಕಾಳುಗಳು ಹರಿದ ಚೀಲದಿಂದ ರಾಗಿ ಸುರಿದಂತೆ ಸುರಿಯುತ್ತಿದ್ದವು. ಹೊರಗಿನ ಸಿಪ್ಪೆ ಕಾಗದದಷ್ಟು ಉಳಿದಿತ್ತು, ಒಳಗೆ ಬರೀ ಓಣಿಗಳು. ಮಸುಕು ಬಿಳಿಯ ಗೆದ್ದಲು ಬೆಳಕಿಗೆ ಹೆದರಿ ಮರದೊಳಕ್ಕೇ ವಾಪಸ್ ಹೋಗುತ್ತಿದ್ದವು.

ರತ್ನಮ್ಮ ತನ್ನ ವಾರಗಿತ್ತಿಯ ಮುಂಗೈ ಹಿಡಿದುಕೊಂಡು, "ಅಕ್ಕಾ, ಅಕ್ಕಾ" ಎಂದಷ್ಟೇ ಹೇಳುತ್ತಿದ್ದಳು. ಕೈ ಬಿಡಿಸಿಕೊಳ್ಳುವುದು ಅಶ್ವತ್ಥಮ್ಮನಿಗೂ ಹೊಳೆದಿರಲಿಲ್ಲ. ತೋಟದಿಂದ ಓಡಿಬಂದ ವೆಂಕಟರವಣಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಬರೋ ತನಕ ಚೆನ್ನಾಗಿತ್ತು."

"ನಾನು ಒಳಗೇ ಹೋಗಿಲ್ಲ."

"ಅದೇ ನಾನೂ ಹೇಳ್ತಿರೋದು. ಒಳಗೆ ಹೋಗ್ದೇನೇ ಬಿತ್ತು!"

ಬೆಂಗಳೂರಿನ ಹೋಟೆಲುಗಳಲ್ಲಿ ಕೂತು ಕೀಟಶಾಸ್ತ್ರ ಮಾತಾಡುವವರಿಗೆ ಒಂದು ಮಾತು ಹೇಳಬೇಕು. ನಮ್ಮದು ಒಣ ಸೀಮೆ ನಿಜ. ಆದರೆ ಹುಳದ ಮನೆ ಒಣ ಸೀಮೆಯಲ್ಲ. ಎಳೆ ಹುಳುವಿಗೆ ತೇವ ಬೇಕೆಂದು ಒದ್ದೆ ಗೋಣಿ ಕಟ್ಟಿ, ನೀರು ಚಿಮುಕಿಸಿ, ಕರಾವಳಿಯ ಗಾಳಿಯನ್ನೇ ಒಳಗೆ ಇಟ್ಟುಕೊಂಡಿರುತ್ತಾರೆ. ಔಷಧಿ ಹೊಡೆಯುವ ಹಾಗಿಲ್ಲ. ಉದುರಿದ ಕಾಳು ಹಿಕ್ಕೆಯೆಂದು ಗುಡಿಸಿಹೋಗುತ್ತದೆ. ಬೇರೆ ಯಾವ ಮನೆಯಲ್ಲಾದರೂ ಯಾರಾದರೂ ಇದೇನೆಂದು ಕೇಳುತ್ತಿದ್ದರು. ರೇಷ್ಮೆಯವರ ಮನೆಯಲ್ಲಿ ಹುಳು ಇರುವ ತನಕ ಕೇಳುವ ಕಾರಣವೇ ಇರಲಿಲ್ಲ.

ತೊಲೆ ಎಲ್ಲಿಯದೆಂದು ಕೇಳಿದೆ. ಚಿಂತಾಮಣಿಯ ಸುಬ್ಬಣ್ಣ ಎಂಬವರ ಹಳೇ ಮರದ ಡಿಪೋದಿಂದ ತಂದದ್ದಂತೆ. ಸಮುದ್ರದ ದಂಡೆಯ ಊರೊಂದರಲ್ಲಿ ಕೆಡವಿದ ಹಳೆಯ ಬಂಗಲೆಯ ಮರ. ಬಂಗಲೆಯಲ್ಲಿ ಒಂದೇ ತೊಲೆ ಇರುವುದಿಲ್ಲ. ಉಳಿದವು ಯಾರ ತಲೆಯ ಮೇಲಿವೆ?

ಮ್ಯಾನೇಜರಿಗೆ ಹೇಳಿದೆ. "ಅದು ನಮ್ಮ ಸೈಟ್ ಅಲ್ಲ, ನಾವು ಟ್ರೀಟ್‌ಮೆಂಟ್ ಕೊಟ್ಟಿಲ್ಲ, ನಮಗ್ಯಾಕೆ?" ಎಂದರು. ನಾನು ರಜೆ ಕೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ರಿಟೈರ್ ಆದ್ಮೇಲೆ ಸ್ವಂತ ಕಂಪನಿ ಶುರು ಮಾಡೋ ಪ್ಲಾನಾ? ಈಗ್ಲಿಂದ್ಲೇ ಗಿರಾಕಿ ಹಿಡೀತಿದ್ದೀರಾ?" ಇಲ್ಲವೆಂದೆ. ನಂಬಲಿಲ್ಲ, ರಜೆ ಮಾತ್ರ ಕೊಟ್ಟರು.

ಡಿಪೋದ ಸುಬ್ಬಣ್ಣ ಗೇಟಿನಲ್ಲೇ ನಿಲ್ಲಿಸಿಕೊಂಡು ಮಾತಾಡಿದರು. "ನೀಲಿ ಬಣ್ಣದ ಮಾಲಾ? ಎಲ್ಲಾ ಸಾದಲಿಗೇ ಹೋಯ್ತು. ಬೇರೆ ಯಾರಿಗೂ ಕೊಟ್ಟಿಲ್ಲ." ಕಣ್ಣು ಮಾತ್ರ ನನ್ನ ಭುಜದಾಚೆ ರಸ್ತೆಯ ಮೇಲಿತ್ತು. ಈತ ಗೊತ್ತಿದ್ದೇ ಟೊಳ್ಳು ಮರ ಮಾರಿದ್ದಾನೆ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಒಳಗೆ ಕರೆಯಲಿಲ್ಲ, ಕಾಫಿ ಕೇಳಲಿಲ್ಲ. ಕಳ್ಳನಿಗೆ ಇನ್ನೇನು ಲಕ್ಷಣ ಬೇಕು?

ಡಿಪೋದ ಮಾಲು ಸಾಗಿಸುವ ಟೆಂಪೋ ಡ್ರೈವರ್ ನಾಗರಾಜ ಟೀ ಅಂಗಡಿಯಲ್ಲಿ ಸಿಕ್ಕ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ತಮಾಷೆಯ ಮನುಷ್ಯ.

"ಸಾದಲಿಗೊಂದೇನಾ? ಎವರು ಚೆಪ್ಪಾರು ಸಾರ್, ಯಾರು ಹೇಳಿದ್ದು? ಅಲೀಪುರಕ್ಕೆ ಇಳಿಸಿದ್ದೀನಿ, ಮುರುಗಮಲ್ಲಕ್ಕೆ ಇಳಿಸಿದ್ದೀನಿ. ನನ್ನ ಸೊಂಟಾನ ಕೇಳಿ, ಅದು ಹೇಳತ್ತೆ."

"ಬರ್ತೀಯಾ ತೋರಿಸೋಕೆ?"

"ಬರ್ತೀನಿ. ಆದ್ರೆ ಓನರ್‌ಗೆ ಹೇಳ್ಬೇಡಿ. ಆಮೇಲೆ ನಾನೇ ತೊಲೆ ಆಗ್ಬಿಡ್ತೀನಿ."

ಅಲೀಪುರದಲ್ಲಿ ಹರಳಿನ ವ್ಯಾಪಾರದ ಹಸನ್ ಸಾಹೇಬರ ಮನೆ. ಅವರು ಹಜಾರದಲ್ಲಿ ಅಂದಕ್ಕೆಂದು ಆ ತೊಲೆ ಹಾಕಿಸಿ ವಾರ್ನಿಶ್ ಹೊಡೆಸಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ನೀವು ಹೇಳ್ತೀರ, ನಾನು ನಂಬಬೇಕು. ಯಾಕೆ ನಂಬಬೇಕು?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ದಿನವೂ ನಕಲಿ ಹರಳು ತಂದು ತೋರಿಸುವವರನ್ನು ಕೇಳುವ ಪ್ರಶ್ನೆ ಅದು. ಕಾರ್ಪೆಟ್ಟಿನ ಅಂಚು ಎತ್ತಿ ಕೊಡವಿದೆ. ಉದುರಿದ ಒಂದು ಕಾಳನ್ನು ಅವರು ಚಿಮಟದಲ್ಲಿ ಹಿಡಿದು, ಹರಳು ಪರೀಕ್ಷಿಸುವ ಪುಟ್ಟ ಮಸೂರವನ್ನು ಕಣ್ಣಿಗೊತ್ತಿ ತುಂಬಾ ಹೊತ್ತು ನೋಡಿದರು.

"ಮಾಷಾ ಅಲ್ಲಾ, ಆರು ಮುಖ! ಎಲ್ಲಾ ಒಂದೇ ಸೈಜು. ನಮ್ಮ ಹುಡುಗ್ರು ಇಷ್ಟು ನೀಟಾಗಿ ಕಟಿಂಗ್ ಮಾಡಲ್ಲ." ಇನ್ನೊಂದು ಕಾಳು ಎತ್ತಿಕೊಂಡರು. "ಇದು ಜಿರಲೆ ಖಾಂದಾನ್ ಅಂತೀರಾ?"

"ಹೌದು. ಮರ ಬಿಟ್ಟು ಹೊರಗೆ ಬಾರದ ಶಾಖೆ."

"ಹೊರಗೆ ಬರದೇ ಇಷ್ಟು ದೂರ ಬಂತಾ? ನಾವು ಒಂದು ವೀಸಾಗೆ ಎಷ್ಟು ಒದ್ದಾಡ್ತೀವಿ."

ಆ ಮಧ್ಯಾಹ್ನವೇ ಆಧಾರ ಕೊಟ್ಟು ತೊಲೆ ಇಳಿಸಿದರು. ಅರ್ಧ ಟೊಳ್ಳಾಗಿತ್ತು. ಇಡೀ ಸಂಚಾರದಲ್ಲಿ ನನ್ನನ್ನು ನಂಬಿದವರು ಅವರೊಬ್ಬರೇ. ನಂಬಿದ್ದು ನನ್ನನ್ನಲ್ಲ, ತಮ್ಮ ಮಸೂರವನ್ನು. ಅದೇ ಸರಿಯಾದದ್ದು. ಗಿರಾಕಿ ನಿಮ್ಮ ಮಾತನ್ನು ನಂಬಬೇಕೆಂದು ಹಟ ಮಾಡಬೇಡಿ. ಅವನ ಕೈಗೆ ಭೂತಕನ್ನಡಿ ಕೊಡಿ.

ಮುರುಗಮಲ್ಲದಲ್ಲಿ ಹಾಗಾಗಲಿಲ್ಲ. ಅಲ್ಲಿ ಕೃಷ್ಣಾರೆಡ್ಡಿ ಎಂಬವರು ದರ್ಗಾಕ್ಕೆ ಬರುವವರಿಗೆ ತಂಗಲು ಒಂದು ಉದ್ದನೆಯ ಹಾಲನ್ನು ಬಾಡಿಗೆಗೆ ಕೊಡುತ್ತಿದ್ದರು. ಒಂದು ಬದಿಯಲ್ಲಿ ಸ್ನಾನದ ಮನೆಗಳು. ಗೋಡೆ ಸದಾ ತೇವ. ಗುರುವಾರ ಸಂಜೆಯಾದರೆ ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳು ಆ ಹಾಲಿನ ತುಂಬ ಚಾಪೆ ಹಾಸಿ ಮಲಗುತ್ತವೆ. ನಾವು ಹೋದದ್ದು ಬುಧವಾರ. ತಲೆ ಎತ್ತಿದ ಕೂಡಲೇ ನೀಲಿ ಬಣ್ಣ ಕಂಡಿತು. ಕೋಲಿನ ತುದಿಯಿಂದ ತಟ್ಟಿದೆ. ಸದ್ದು ಖಾಲಿ ಡಬ್ಬದ್ದು.

"ಎವರಯ್ಯಾ ನಿನ್ನ ಕಳ್ಸಿದ್ದು?" ರೆಡ್ಡಿಯವರು ಸ್ಟೂಲಿನಿಂದ ಏಳಲಿಲ್ಲ. "ಎದುರುಗಡೆ ಲಾಡ್ಜಿನವನಾ? ನಮ್ಮ ಬಿಲ್ಡಿಂಗ್ ಬೀಳತ್ತೆ ಅಂತ ಪುಕಾರು ಹಬ್ಬಿಸೋಕಾ?"

"ಯಾರೂ ಕಳಿಸಿಲ್ಲ. ಸಾದಲಿಯಲ್ಲಿ ಇದೇ ಮರ ಬಿದ್ದಿದೆ. ಫೋಟೋ ನೋಡಿ."

"ಫೋಟೋ ಯಾರು ಬೇಕಾದ್ರೂ ತೆಗೀತಾರೆ."

"ಒಂದು ಕೆಲಸ ಮಾಡೋಣ. ತೊಲೆ ಕೆಳಗೆ ಬಿಳೀ ಬಟ್ಟೆ ಹಾಸಿ, ಬೀಗ ಹಾಕಿ. ಬೆಳಿಗ್ಗೆ ಕಾಳು ಬಿದ್ದಿದ್ರೆ ಜನರನ್ನ ಒಳಗೆ ಬಿಡಬೇಡಿ."

"ಬಟ್ಟೆ ನಂದು. ಬೀಗ ನಂದು" ಎಂದರು. ಸ್ವಲ್ಪ ಯೋಚಿಸಿ, "ಅದೂ ಸಾಲ್ದು. ಕಿಟಕಿಯಿಂದ ಎರಚ್ತೀಯ ನೀನು. ನಾನೇ ಒಳಗೆ ಮಲಗ್ತೀನಿ. ಎವಡು ವಸ್ತಾಡೋ, ಯಾವನು ಬರ್ತಾನೋ ನೋಡ್ತೀನಿ."

ನಾನು ಬೇಡವೆಂದೆ. ಬೇಡವೆಂದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಕೊನೆಗೆ ಕಾಲು ಹಿಡಿಯುವುದೊಂದು ಬಾಕಿ. "ನೋಡೋ ನಾಗರಾಜ, ಹೆಂಗೆ ಬೆವರ್ತಾ ಅವ್ನೆ! ನಾನು ಒಳಗಿದ್ರೆ ಇವನ ಆಟ ನಡಿಯಲ್ಲ ಅಂತ" ಎಂದು ನಕ್ಕರು. ತೊಲೆಯ ನೇರಕ್ಕೆ ಮಂಚ ಎಳೆಸಿಕೊಂಡರು. ಅನುಮಾನಕ್ಕೆ ಅನುಮಾನ ಸೇರಿದರೆ ಮನುಷ್ಯ ತನ್ನ ತಲೆಯನ್ನೇ ಪಣಕ್ಕಿಡುತ್ತಾನೆಂದು ಅಂದು ಗೊತ್ತಾಯಿತು. ನಾನು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೇ ಬೆಳಗು ಮಾಡಿದೆ. ಟೆಂಪೋದೊಳಗೆ ನಾಗರಾಜ ಗೊರಕೆ ಹೊಡೆಯುತ್ತಿದ್ದ. ಆ ಗೊರಕೆ ಏರಿ ಇಳಿದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ.

ಬೆಳಿಗ್ಗೆ ರೆಡ್ಡಿಯವರು ಬಾಗಿಲು ತೆರೆದು ಬಂದರು. ಹೊದ್ದಿದ್ದ ಬಿಳೀ ಪಂಚೆಯನ್ನು ಜೋಳಿಗೆಯಂತೆ ಹಿಡಿದಿದ್ದರು, ಅದರಲ್ಲಿ ಕಾಳು ತುಂಬಿತ್ತು. ತಲೆಗೂದಲಲ್ಲೂ ಇದ್ದವು. ಮೀಸೆಯ ಮೇಲೂ ಒಂದು ಕೂತಿತ್ತು. ನಾಗರಾಜ ಕೇಳಿದ, "ಏಮಿ ರೆಡ್ಡಿಗಾರು, ಯಾರು ಬಂದು ಎರಚಿದ್ರು?"

"ಮುಚ್ಚೋ ಬಾಯಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಒಳಗೆ ಕಟಕಟ ಅಂತ ಸದ್ದು ಬರ್ತಾ ಇತ್ತು ಸಾರ್. ಇಲಿ ಅಂದ್ಕೊಂಡೆ."

ಕಾವಲು ಗೆದ್ದಲುಗಳು ಗಾಬರಿಯಾದಾಗ ತಲೆಯನ್ನು ಮರಕ್ಕೆ ಬಡಿದು ಸುದ್ದಿ ಕೊಡುತ್ತವೆ ಎಂದು ಹೇಳಿದೆ. ಅವರು ಕಟ್ಟೆಯ ಮೇಲೆ ಕೂತುಬಿಟ್ಟರು. ಗುರುವಾರದ ಜನಕ್ಕೆ ಎದುರಿನ ಲಾಡ್ಜಿನವನ ಹತ್ತಿರವೇ ತಾವೇ ಹೋಗಿ ಜಾಗ ಕೇಳಿದರು. ಹಗ್ಗ ಕಟ್ಟಿ ಇಳಿಸುವಾಗ ತೊಲೆ ಗಾಳಿಯಲ್ಲೇ ನಡು ಮುರಿಯಿತು. ಹಾಲಿನಲ್ಲಿ ಒಬ್ಬರೂ ಇರಲಿಲ್ಲ.

ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ಮೂರು ಮನೆಯೆಂದರೆ ಮೂರೇನಾ? ಸುಬ್ಬಣ್ಣ ಸುಳ್ಳು ಹೇಳಿದ್ದ. ನಾಗರಾಜ ಮಾತ್ರ ನಿಜ ಹೇಳಿದ್ದಾನೆಂದು ಹೇಗೆ ನಂಬುವುದು? ತುಂಡುಗಳನ್ನು ಟೆಂಪೋಕ್ಕೆ ಏರಿಸುವಾಗ ಮತ್ತೆ ಮತ್ತೆ ಕೇಳಿದೆ. ಅವನು ಬೇಸತ್ತು, "ನಾನು ಇಳಿಸಿದ್ದು ಇಷ್ಟೇ ಸಾರ್. ಒಂದು ತೊಲೆ ಎಲ್ಲೂ ಹೋಗ್ಲಿಲ್ಲ, ಡಿಪೋದಲ್ಲೇ ಉಳೀತು. ಅದನ್ನ ನಾನೆಲ್ಲಿ ಇಳಿಸಿದೆ ಅಂತ ಹೇಳ್ಲಿ?" ಎಂದ.

ನೇರ ಡಿಪೋಗೆ ಹೋದೆವು. ಈ ಸಲ ಗೇಟಿನಲ್ಲಿ ನಿಲ್ಲದೆ ಒಳಗೆ ನುಗ್ಗಿದೆ. ಸುಬ್ಬಣ್ಣ ತಮ್ಮ ಆಫೀಸಿನಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದರು. ತಲೆಯ ಮೇಲೆ ಥರ್ಮಾಕೋಲಿನ ಒಳಚಾವಣಿ. ಅದರ ನಡುಭಾಗ ಹೊಟ್ಟೆ ಬಂದ ಹಾಗೆ ಜೋತುಬಿದ್ದಿತ್ತು.

"ಸುಬ್ಬಣ್ಣನೋರೇ, ತಟ್ಟೆ ಬಿಟ್ಟು ಈಚೆ ಬನ್ನಿ."

"ಯಾಕ್ರೀ? ಯಾರ್ರೀ ನಿಮ್ಮನ್ನ ಒಳಗೆ ಬಿಟ್ಟೋರು?"

ನಾಗರಾಜ ಅವರ ತೋಳು ಹಿಡಿದು ಎಳೆದೇಬಿಟ್ಟ. ನಾನು ಬಾಗಿಲಲ್ಲೇ ನಿಂತು ಬಿದಿರಿನ ಗಳದಿಂದ ಥರ್ಮಾಕೋಲ್ ತಿವಿದೆ. ಅದು ಹರಿದು ಕಾಳಿನ ರಾಶಿ ಇಡ್ಲಿಯ ಮೇಲೆ, ಮೇಜಿನ ಮೇಲೆ, ಅವರ ಕುರ್ಚಿಯ ಮೇಲೆ ಬಿತ್ತು. ಮೇಲೆ ನವಿಲು ನೀಲಿ.

ಸುಬ್ಬಣ್ಣ ಅದನ್ನೇ ನೋಡುತ್ತಾ ನಿಂತರು. "ಎಲ್ಲಕ್ಕಿಂತ ಒಳ್ಳೇ ಪೀಸು ಅಂತ ನಾನೇ ಇಟ್ಕೊಂಡಿದ್ದೆ" ಎಂದರು. "ಕೆಟ್ಟದ್ದು ಅಂತ ಗೊತ್ತಿದ್ರೆ ನನ್ನ ತಲೆ ಮೇಲೆ ಹಾಕ್ಕೊಳ್ತಿದ್ನಾ ಹೇಳಿ."

"ಮತ್ತೆ ಸಾದಲಿಗೆ ಮಾತ್ರ ಅಂತ ಯಾಕೆ ಹೇಳಿದ್ರಿ?"

"ಎಲ್ರೂ ವಾಪಸ್ ತಂದು ಬಾಗಿಲಿಗೆ ಎಸೀತಾರೆ ಅಂತ. ಹೆದರಿಕೆ ಸಾರ್."

ಅವರ ಸುಳ್ಳಿನಿಂದ ಮುರುಗಮಲ್ಲದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆದರೆ ನಾನು ಅವರಿಗೆ ಹೊರಿಸಿದ್ದ ದೊಡ್ಡ ಪಾಪ ಅವರದಾಗಿರಲಿಲ್ಲ. ಗೆದ್ದಲು ಹಬ್ಬಲು ಕಳ್ಳರೇ ಬೇಕಿಲ್ಲ. ಒಳ್ಳೆಯ ಮರವನ್ನು ಆಸೆಪಟ್ಟು ಮನೆಗೆ ತರುವವರು ಸಾಕು.

ಇನ್ನು ತುಂಡುಗಳ ಗತಿ. ಅವನ್ನು ಎಲ್ಲಾದರೂ ಬಿಸಾಡಿದರೆ ಯಾರಾದರೂ ಎತ್ತಿಕೊಂಡು ಹೋಗಿ ಬಾಗಿಲಿಗೆ ಪಟ್ಟಿ ಹೊಡೆಯುತ್ತಾರೆ. ಒಳಗೆ ಒಂದು ಗುಂಪು ಉಳಿದರೂ ಅದರಲ್ಲಿ ಹೊಸ ರಾಜ ರಾಣಿ ತಯಾರಾಗುತ್ತವೆ. ಸಾದಲಿಯದು, ಅಲೀಪುರದ್ದು, ಮುರುಗಮಲ್ಲದ್ದು, ಡಿಪೋದ್ದು ಎಲ್ಲವನ್ನೂ ತುಂಬಿಕೊಂಡು ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಒಂದು ಘಟಕಕ್ಕೆ ಹೋದೆವು. ಅಲ್ಲಿಯ ಒಲೆ ದಿನವಿಡೀ ಉರಿಯುತ್ತದೆ. ಯಜಮಾನ ಅನ್ವರ್ ನಮ್ಮನ್ನೂ ಟೆಂಪೋವನ್ನೂ ಸುತ್ತು ಹಾಕಿ ನೋಡಿದ.

"ಬಿಟ್ಟಿ ಸೌದೆ ಕೊಡ್ತೀರಾ? ಯಾವ ಗೋಡೌನಿಂದ ಎತ್ತಿದ್ರಿ?"

"ಎತ್ತಿದ್ದಲ್ಲಪ್ಪ. ಸುಡೋಕೆ ಅಂತಲೇ ತಂದಿದ್ದು."

"ತೇಗ ಇದ್ದಂಗೈತೆ. ತೇಗಾನ ಯಾರಾದ್ರೂ ಸುಡೋಕೆ ಕೊಡ್ತಾರಾ? ಪೊಲೀಸ್ ಗಿಲೀಸ್ ಬಂದ್ರೆ?"

ಒಂದು ತುಂಡನ್ನು ಅವನ ಮುಂದೆಯೇ ಮೊಣಕಾಲಿಗೆ ಬಡಿದು ಮುರಿದು ತೋರಿಸಿದೆ. ಹಪ್ಪಳದ ಹಾಗೆ ಮುರಿಯಿತು. ಅವನು ಹಿಂದಕ್ಕೆ ಜಿಗಿದು, "ಯಾ ಅಲ್ಲಾ, ಹಾಕಿ ಬೇಗ" ಎಂದ. ಒಲೆಗೆ ಹಾಕಿದ ಪ್ರತಿ ತುಂಡೂ ಚಟಪಟ ಸಿಡಿಯಿತು. ಕೊನೆಯ ನೀಲಿ ಚೂರು ಕೆಂಡವಾಗುವ ತನಕ ನಾನು ಕದಲಲಿಲ್ಲ. ಮೇಲಿನ ಬಾಣಲೆಯಲ್ಲಿ ಗೂಡುಗಳು ಬೇಯುತ್ತಿದ್ದವು. ಹುಳದ ವಾಸನೆಗೂ ಮರದ ಹೊಗೆಗೂ ಕಣ್ಣಲ್ಲಿ ನೀರು ಬಂತು. ನಾಗರಾಜ, "ಸಾರ್, ಅಳ್ಬೇಡಿ, ಅವಕ್ಕೂ ವಯಸ್ಸಾಗಿತ್ತು" ಎಂದ.

ನಿಮಗೆ ಹೇಳಬೇಕಾದದ್ದು ಇಷ್ಟು. ಮಣ್ಣಿನ ಗೆರೆ ಹುಡುಕಿ, ಆದರೆ ಗೆರೆ ಇಲ್ಲವೆಂದು ಮುಂದಿನ ಮನೆಗೆ ಹೋಗಬೇಡಿ. ನೆಲ ನೋಡಿ. ಗುಡಿಸುವವರನ್ನು ಕೇಳಿ, ದಿನಾ ಒಂದೇ ಜಾಗದಲ್ಲಿ ಏನಾದರೂ ಬೀಳುತ್ತದೆಯೇ ಎಂದು. ಮರ ಎಲ್ಲಿಂದ ಬಂತು, ಅದರ ಜೊತೆಯವು ಎಲ್ಲಿಗೆ ಹೋದವು ಎಂದು ಕೇಳಿ. ಜನ ನಿಮ್ಮ ಮೇಲೆ ಅನುಮಾನ ಪಡುತ್ತಾರೆ, ಪಡಲಿ. ನಿಮ್ಮ ಅನುಮಾನವನ್ನು ಮಾತ್ರ ಮನುಷ್ಯರ ಮೇಲೆ ಬೇಗ ಇಳಿಸಬೇಡಿ. ಮರದ ಮೇಲೆ ಎಷ್ಟು ಬೇಕಾದರೂ ಇಟ್ಟುಕೊಳ್ಳಿ.

ಆ ಸಂಜೆ ಚಿಕ್ಕಬಳ್ಳಾಪುರದ ಮನೆಗೆ ಬಂದು ಸ್ನಾನ ಮಾಡಿ, ಎರಡು ಮುದ್ದೆ ಉಂಡು ಮಲಗಿದೆ. ನಮ್ಮದು ಕಾಂಕ್ರೀಟ್ ಮನೆ. ಸಾದಲಿಯಿಂದ ಬಂದ ಮೇಲೆ ಅದರ ಸೂರನ್ನೂ ನಾನು ಮಲಗಿದಲ್ಲಿಂದ ಕಾಯುತ್ತಲೇ ಇದ್ದೆ. ಅಂದು ಕಣ್ಣು ಮುಚ್ಚಿದ್ದಷ್ಟೇ ಗೊತ್ತು. ಎಚ್ಚರವಾದಾಗ ಬೀದಿಯಲ್ಲಿ ತರಕಾರಿ ಗಾಡಿ ಬಂದುಹೋಗಿ, ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಕಾಫಿ ಲೋಟ ಹಿಡಿದು, ಅನುಮಾನದಿಂದ ನನ್ನ ಎದೆಯನ್ನೇ ನೋಡುತ್ತಾ ಕೂತಿದ್ದಳು.

"ಏನೇ ಅದು?" ಎಂದೆ.

"ಏನಿಲ್ಲ. ಮಗ್ಗಲು ಕೂಡ ಬದಲಾಯಿಸಲಿಲ್ವಲ್ಲ, ಅದಕ್ಕೇ ಮೂಗಿನ ಹತ್ರ ಬೆರಳಿಟ್ಟು ನೋಡಿದೆ" ಎಂದಳು. "ಒಂದು ಸಲ ನೋಡಿ 'ಉಸಿರು ಇದೆ' ಅನ್ನಿಸ್ತು. ನಂಬಿಕೆ ಬರಲಿಲ್ಲ, ಇನ್ನೊಂದು ಸಲ ನೋಡಿದೆ."